ಉಳ್ಳಾಗಡ್ಡಿಯಿಂದ ಅವ್ವನ ಮುಖದವರೆಗೆ

(ತುರ್ಭೆಯಲ್ಲಿ ಜರುಗಿದ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಕಾರ್ಯದರ್ಶಿಗಳು ತಿಂಗಳ ಹಿಂದೆ ಮನೆಗೆ ಬಂದು, ಈ ಸಲದ ಸಭೆಯಲ್ಲಿ ಚಿತ್ರಕಲೆಯ ವಿಷಯವಾಗಿ ನಾವು ನಾಲ್ಕು ಮಾತು ಆಡಬೇಕೆಂದು ಕೇಳಿದಾಗ ನಮಗೆ ನಗೆ ಬಂದಿತು. ಚಿತ್ರಕಲೆಯ ಮೇಲೆ ಮಾತನಾಡಲು ಈ ಮಹಾನಗರದಲ್ಲಿ ಪಂಡಿತರಿಗೇನು ಬರಗಾಲವೆ? ನಾವಾದರೋ ವಾಶಿಯ ಉಳ್ಳಾಗಡ್ಡಿ-ಬಟಾಟೆ ಮಾರುಕಟ್ಟೆಯ ಒಂದು ಗಾಳಾದಲ್ಲಿ ಲೆಕ್ಕ ಬರೆಯುವ ಗುಮಾಸ್ತರು. "ಪಂಡಿತರ ಮಾತು ಪುಸ್ತಕದಲ್ಲಿ ಸಿಗುತ್ತದೆ. ಬಾರದವರು ಹೇಗೆ ಕಲಿತರೆಂಬುದನ್ನು ಹೇಳುವವರು ಬೇಕು" ಎಂದು ಅವರು ಪಟ್ಟು ಹಿಡಿದರು. ಬಾರದವರೆಂಬ ಯೋಗ್ಯತೆಯ ಬಗ್ಗೆ ನಮ್ಮಲ್ಲಿ ಯಾರಿಗೂ ಸಂಶಯವಿಲ್ಲದ್ದರಿಂದ ಒಪ್ಪಿಕೊಂಡೆವು.

'ನಾವು' 'ನಾವು' ಎನ್ನುತ್ತಿದ್ದೇವೆಂದು ತಾವು ತಪ್ಪು ತಿಳಿಯಬಾರದು. ಇದು ದೊಡ್ಡಸ್ತಿಕೆಯ ನಾವು ಅಲ್ಲ. ಪೆನ್ಸಿಲು ಹಿಡಿದ ಕೈ ಒಂದೇ ಆದರೂ ಅದನ್ನು ತಿದ್ದಿದವರು ಮೂವರು: ಮನೆಯಾಕೆ, ಮಗಳು, ಊರಿನಲ್ಲಿದ್ದ ಚಿಕ್ಕವ್ವ. ಆ ಮೂವರನ್ನೂ ಬಿಟ್ಟು 'ನಾನು ಬರೆದೆ' ಎಂದರೆ ಮನೆಗೆ ಹೋದಮೇಲೆ ನಮಗೆ ಊಟ ಸಿಗುವುದು ಕಷ್ಟ.

1972ರ ಬರಗಾಲ ಇಲ್ಲಿಯ ಹಿರಿಯರಿಗೆ ನೆನಪಿರಬಹುದು. ಅದರ ಮರುವರ್ಷ ನಮ್ಮ ತಂದೆತಾಯಿಗಳು ವಿಜಾಪುರ ಜಿಲ್ಲೆಯಿಂದ ಎರಡು ಗಂಟು, ಒಂದು ಬೀಸುವ ಕಲ್ಲು, ಐದು ವರ್ಷದ ನಮ್ಮನ್ನು ಎತ್ತಿಕೊಂಡು ತುರ್ಭೆಯ ಗುಡ್ಡದ ಕಲ್ಲುಗಣಿಗೆ ಬಂದರು. ನವಿ ಮುಂಬಯಿ ಆಗ ಕಾಗದದ ಮೇಲಿನ ಊರು. ಅದನ್ನು ಕಟ್ಟಲೆಂದು 1970ರಲ್ಲಿ ಸಿಡ್ಕೊ ಹುಟ್ಟಿದ್ದಿತು. ಆದರೆ ಊರು ಕಟ್ಟಬೇಕಾದರೆ ಮೊದಲು ಕಲ್ಲು ಬೇಕು, ಕಲ್ಲಿಗೆ ನಮ್ಮ ಜನ ಬೇಕು. ಅಪ್ಪ ಸುತ್ತಿಗೆ ಹಿಡಿದು ಬಂಡೆ ಸೀಳುತ್ತಿದ್ದ, ಅವ್ವ ಕುಳಿತು ಖಡಿ ಒಡೆಯುತ್ತಿದ್ದಳು. ಬೆರಳು ಜಜ್ಜಿಹೋಗದಂತೆ ಸೈಕಲ್ ಟ್ಯೂಬಿನ ತುಂಡುಗಳನ್ನು ಉಂಗುರದ ಹಾಗೆ ತೊಟ್ಟುಕೊಳ್ಳುತ್ತಿದ್ದಳು.

ಈ ಸಹ್ಯಾದ್ರಿಯ ಕಲ್ಲು ಕರಿಯದು. ಅದರ ಹೊಸದಾಗಿ ಒಡೆದ ಮುಖದ ಮೇಲೆ ಸುಣ್ಣದ ಹೆಂಟೆಯಿಂದ ಗೀಚಿದರೆ ಪಾಟಿಯ ಮೇಲೆ ಗೀಚಿದ ಹಾಗೆ ಬೆಳ್ಳಗೆ ಮೂಡುತ್ತಿತ್ತು. ಎತ್ತು, ಬಂಡಿ, ಬಸವಣ್ಣ, ಲಾರಿ ಎಲ್ಲವನ್ನೂ ನಾವು ಬರೆಯುತ್ತಿದ್ದೆವು. ಸಂಜೆಗೆ ಲಾರಿ ಬಂದು ಎಲ್ಲವನ್ನೂ ತುಂಬಿಕೊಂಡು ಹೋಗುತ್ತಿತ್ತು. ನಮ್ಮ ಬಾಲ್ಯದ ಕೃತಿಗಳೆಲ್ಲ ಇಂದು ಈ ನಗರದ ಯಾವುದೋ ರಸ್ತೆಯ ಕೆಳಗೆ ಇವೆ. ದಿನವೂ ಅವುಗಳ ಮೇಲೆ ಬಸ್ಸು ಓಡಾಡುತ್ತದೆ. ಯಾವ ಕಲಾವಿದನಿಗೆ ಇಷ್ಟು ಪ್ರೇಕ್ಷಕರು!

ಮುಂದೆ ಶಾಲೆಯಲ್ಲಿ ಲೆಕ್ಕದ ವಹಿಯ ಅಂಚಿನಲ್ಲಿ ಕುದುರೆ ಬರೆದದ್ದಕ್ಕೆ ಗುರುಗಳೊಬ್ಬರು ಬೆರಳ ಗಂಟಿನ ಮೇಲೆ ರೂಳು ದೊಣ್ಣೆಯಿಂದ ಹೊಡೆದರು. ಅವರನ್ನು ದೂರುವಂತಿಲ್ಲ. ಲೆಕ್ಕ ತಪ್ಪಿತ್ತು, ಕುದುರೆಯೂ ಸರಿಯಿರಲಿಲ್ಲ. ಅಲ್ಲಿಗೆ ಚಿತ್ರ ನಿಂತಿತು. ಹತ್ತನೆಯ ತರಗತಿ ಮುಗಿಸಿ 1986ರಲ್ಲಿ ಪೇಟೆಯ ಲೆಕ್ಕಕ್ಕೆ ಕುಳಿತೆವು. ಇಪ್ಪತ್ತಮೂರು ವರ್ಷ ಗೆರೆ ಎಂದರೆ ಜಮಾ-ಖರ್ಚಿನ ನಡುವೆ ಎಳೆಯುವ ಗೆರೆ ಮಾತ್ರ.

2009ರ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು. ಹನ್ನೊಂದನೆಯ ದಿನಕ್ಕೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಹುಡುಕಿದರೆ ಇಲ್ಲ. ನಮ್ಮ ಮದುವೆಯ ಹೊತ್ತಿಗೆ ಅಪ್ಪ ತೀರಿಹೋಗಿದ್ದ. ಗಂಡ ಸತ್ತವಳು ಮುಂದೆ ನಿಲ್ಲಬಾರದೆಂದು ಅವ್ವ ತಾನಾಗಿಯೇ ಹಿಂದೆ ಸರಿದಿದ್ದಳು. ಆ ದಿನದ ಫೋಟೋಗಳಲ್ಲಿ ಒಂದರಲ್ಲಿ ಮಾತ್ರ ಬಾಗಿಲ ಸಂದಿಯಿಂದ ಒಂದು ಸೆರಗು, ಒಂದು ಮೊಣಕೈ ಕಾಣುತ್ತದೆ. ಇನ್ನುಳಿದದ್ದು ಮತದಾರರ ಗುರುತಿನ ಚೀಟಿ. ಅದರಲ್ಲಿ ಕಪ್ಪುಬಿಳುಪಿನ ಒಂದು ಮಸಿಬೊಟ್ಟು. ಕ್ಯಾಮೆರಾಕ್ಕೆ ಹೆದರಿ ಕಣ್ಣರಳಿಸಿದ ಯಾವಳೋ ಒಬ್ಬ ಮುದುಕಿ. ಅದು ನಮ್ಮ ಅವ್ವ ಅಲ್ಲ. ನಮ್ಮ ಕೈಯಲ್ಲಿ ಆಗ ಫೋನು ಇತ್ತು, ಅದಕ್ಕೆ ಕ್ಯಾಮೆರಾ ಇರಲಿಲ್ಲ.

ಫೋಟೋ ಇಲ್ಲದಿದ್ದರೇನಂತೆ, ನಲವತ್ತು ವರ್ಷ ನೋಡಿದ ಮುಖ, ನಾವೇ ಬರೆದರಾಯಿತೆಂದು ಆ ರಾತ್ರಿ ಪೆನ್ಸಿಲು ಹಿಡಿದೆವು. ಒಂದು ದುಂಡು ಬರೆದೆವು. ಅದರಲ್ಲಿ ಎರಡು ಕಣ್ಣು. ಆಮೇಲೆ ಕೈ ನಿಂತಿತು. ಅವ್ವನ ಹುಬ್ಬು ಹೇಗಿತ್ತು? ಮೇಲ್ತುಟಿ ತೆಳ್ಳಗೋ, ದಪ್ಪಗೋ? ಕಿವಿ ಎಷ್ಟು ಉದ್ದ? ಒಂದಕ್ಕೂ ಉತ್ತರವಿಲ್ಲ. ಕಣ್ಣು ಮುಚ್ಚಿದರೆ ಅವ್ವ ಬರುತ್ತಾಳೆ, ಮಾತಾಡುತ್ತಾಳೆ, ಬೈಯುತ್ತಾಳೆ. ಕಣ್ಣು ತೆರೆದು ಕಾಗದ ನೋಡಿದರೆ ಇಲ್ಲ. ಬಂಧುಗಳೇ, ಅಂದು ರಾತ್ರಿ ನಮಗಾದದ್ದು ದುಃಖಕ್ಕಿಂತ ಹೆಚ್ಚಾಗಿ ನಾಚಿಕೆ. ನಮ್ಮ ತಾಯಿಯ ಮುಖವನ್ನು ನಾವು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ಹೀಗೆ ನಲವತ್ತೊಂದನೆಯ ವಯಸ್ಸಿನಲ್ಲಿ ನಾವು ಚಿತ್ರ ಕಲಿಯಲು ತೊಡಗಿದೆವು. ತಡವಾಯಿತೆಂದು ಅನ್ನಿಸಿದಾಗಲೆಲ್ಲ ರವೀಂದ್ರನಾಥ ಠಾಕೂರರನ್ನು ನೆನೆಸಿಕೊಳ್ಳುತ್ತಿದ್ದೆವು. ಅವರು ಚಿತ್ರರಚನೆಯನ್ನು ಮನಸ್ಸಿಟ್ಟು ಹಿಡಿದದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ತಿದ್ದಿ ತೀಡಿ ಆಕಾರ ಮಾಡುತ್ತ ಹೋಗಿ, 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಮಾಡಿದರು. ನಮ್ಮದೂ ಅಂಥದೇ ಆರಂಭ. ಪೇಟೆಯ ಹಳೆಯ ಪಟ್ಟಿಗಳ ಬೆನ್ನು ನಮ್ಮ ಕಾಗದ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ.

ಏನು ಬರೆಯುವುದು? ಕುಳಿತಲ್ಲಿ ಎದುರಿಗೆ ಇದ್ದದ್ದು ಉಳ್ಳಾಗಡ್ಡಿಯ ರಾಶಿ. ನಾವು ಉಳ್ಳಾಗಡ್ಡಿ ಎನ್ನುವುದನ್ನೇ ಮೈಸೂರಿನವರು ಈರುಳ್ಳಿ ಎನ್ನುತ್ತಾರೆ, ಮಂಗಳೂರಿನವರು ನೀರುಳ್ಳಿ ಎನ್ನುತ್ತಾರೆ. ಈ ಸಭೆಯಲ್ಲಿ ಮೂರೂ ಪಕ್ಷದವರು ಇರುವುದರಿಂದ ಈ ವಾದವನ್ನು ಬೆಳೆಸುವುದಿಲ್ಲ. ಹೆಸರು ಯಾವುದಾದರೂ ಬರೆಯುವವನಿಗೆ ಅದರಷ್ಟು ಒಳ್ಳೆಯ ಗುರು ಇಲ್ಲ. ಮೊದಲ ವಾರ ನಾವು ಬರೆದದ್ದೆಲ್ಲ ಒಂದು ದುಂಡು, ಮೇಲೊಂದು ಜುಟ್ಟು. ಪೇಟೆಯ ಹುಡುಗರು ನೋಡಿ ಲಾಡು ಎಂದರು.

ಮಗಳು ಆಗ ಎಂಟನೆಯ ತರಗತಿಯಲ್ಲಿದ್ದಳು. ಮಹಾರಾಷ್ಟ್ರದ ಶಾಲೆಗಳಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಎರಡು ಚಿತ್ರಕಲಾ ಪರೀಕ್ಷೆಗಳಿರುವುದು ನಿಮ್ಮ ಮಕ್ಕಳಿಂದ ನಿಮಗೆ ಗೊತ್ತೇ ಇದೆ. ವಸ್ತುಚಿತ್ರ, ನೆನಪಿನಿಂದ ಬರೆಯುವ ಚಿತ್ರ, ನಕ್ಷೆ, ಭೂಮಿತಿ, ಅಕ್ಷರಲೇಖನ ಮುಂತಾದವು ವಿಷಯಗಳು. ಅವಳು ಅದಕ್ಕೆ ಕೂಡುತ್ತೇನೆಂದಾಗ, ಅವ್ವ ಹೋಗುವುದಕ್ಕೆ ಮೂರು ತಿಂಗಳ ಹಿಂದೆ, ನಾವೇ ಬೇಡವೆಂದಿದ್ದೆವು. ಗಣಿತ ಕೆಡುತ್ತದೆಂದು ನಮ್ಮ ಬೆರಳ ಗಂಟು ನೆನಪು ಮಾಡಿತ್ತು. ಈಗ ಅಪ್ಪನೇ ರಾತ್ರಿ ಹತ್ತಕ್ಕೆ ಉಳ್ಳಾಗಡ್ಡಿ ಮುಂದಿಟ್ಟುಕೊಂಡು ಕೂತದ್ದನ್ನು ನೋಡಿ ಅವಳು ಏನೂ ಅನ್ನಲಿಲ್ಲ. ಹಿಂದೆ ನಿಂತು ಬಹಳ ಹೊತ್ತು ನೋಡಿ, "ಅಪ್ಪಾ, ನೀ ಉಳ್ಳಾಗಡ್ಡಿ ನೋಡ್ಲಾರದ ಬರ್ಯಾಕತ್ತಿ. ನಿನ್ನ ಕಣ್ಣು ಕಾಗದದ ಮ್ಯಾಲೇ ಐತಿ" ಎಂದಳು.

ಚಿತ್ರಕಲೆಯ ಮೇಲೆ ನಾವು ಕೇಳಿದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಮರುದಿನವೇ ಶಾಲೆಗೆ ಹೋಗಿ ಪರೀಕ್ಷೆಯ ಫೀ ತುಂಬಿ ಬಂದೆವು.

ನೋಡಲು ತೊಡಗಿದ ಮೇಲೆ ಉಳ್ಳಾಗಡ್ಡಿ ದುಂಡಗಿಲ್ಲವೆಂಬುದು ತಿಳಿಯಿತು. ಒಂದು ಮಗ್ಗುಲು ತುಂಬಿರುತ್ತದೆ, ಇನ್ನೊಂದು ಜಾರಿರುತ್ತದೆ. ನೆಲಕ್ಕೆ ಕೂತಲ್ಲಿ ಸ್ವಲ್ಪ ಚಪ್ಪಟೆ. ಸಿಪ್ಪೆಯ ಮೇಲಿನ ಎಳೆಗಳು ಬೇರಿನಿಂದ ಹೊರಟು, ಹೊಟ್ಟೆಯ ಮೇಲೆ ದೂರವಾಗಿ, ಜುಟ್ಟಿನಲ್ಲಿ ಮತ್ತೆ ಕೂಡುತ್ತವೆ. ಗೋಲದ ಮೇಲಿನ ರೇಖಾಂಶಗಳ ಹಾಗೆ. ಆ ಎಳೆಗಳ ದಾರಿಯಲ್ಲಿಯೇ ಪೆನ್ಸಿಲನ್ನು ನಡೆಸಿದರೆ ಬರಿಯ ಗೆರೆಯಿಂದಲೇ ಉಬ್ಬು ಬರುತ್ತದೆ. ನೆರಳು ಒಂದೇ ಕಪ್ಪಲ್ಲ: ವಸ್ತುವಿನ ನೆರಳಿನ ಕಡೆಯಲ್ಲೂ ತೀರ ಅಂಚಿನಲ್ಲಿ ನೆಲದ ಬೆಳಕು ತಟ್ಟಿ ತುಸು ತಿಳಿಯಾಗಿರುತ್ತದೆ. ಇದು ಕಂಡ ದಿನ ನಮ್ಮ ಉಳ್ಳಾಗಡ್ಡಿ ಕಾಗದದಿಂದ ಎದ್ದು ಕೂತಿತು. ನಾಲ್ಕು ತಿಂಗಳಾಗಿತ್ತು. ಅದೇ ಹುಡುಗರು ಬಂದು ನೋಡಿ ಈ ಸಲ ಲಾಡು ಎನ್ನಲಿಲ್ಲ. ಇದು ನಾಶಿಕದ್ದೋ ಪುಣೆಯದೋ ಎಂದು ವಾದಕ್ಕೆ ನಿಂತರು.

ಆಮೇಲೆ ಗೋಣಿಚೀಲ. ಅದರ ಮಡಿಕೆಗಳನ್ನು ಬಲ್ಲವನಿಗೆ ಸೀರೆಯ ನೆರಿಗೆ ಕಷ್ಟವಲ್ಲ. ಆಮೇಲೆ ಚೀಲ ಹೊರುವ ಮಾಥಾಡಿ ಕಾರ್ಮಿಕರು. ಇವರು ನಿಮಗಾಗಿ ನಿಲ್ಲುವುದಿಲ್ಲ. ಹೊರೆ ಹೊತ್ತವನು ಕಣ್ಣೆದುರು ದಾಟುವುದು ಐದಾರು ಹೆಜ್ಜೆ. ಅಷ್ಟರಲ್ಲಿ ಬೆನ್ನಿನ ಒಂದು ಬಾಗು, ಮೊಣಕಾಲಿನ ಒಂದು ಮುರಿವು ಹಿಡಿದರೆ ಹಿಡಿದಿರಿ, ಇಲ್ಲವಾದರೆ ಇಲ್ಲ. ಇದರಲ್ಲಿ ಸಾವಿರ ಹಾಳೆ ಹಾಳಾಗಿರಬೇಕು. ಆದರೆ ಒಂದು ಲಾಭವಾಯಿತು: ಹೆದರಿಕೆ ಹೋಯಿತು. ರಬ್ಬರನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದನ್ನು ಕಲಿತೆವು. ತಪ್ಪು ಗೆರೆಯನ್ನು ಅಳಿಸದೆ ಅದರ ಪಕ್ಕದಲ್ಲಿಯೇ ಸರಿ ಗೆರೆ ಎಳೆಯಬೇಕು. ತಪ್ಪು ಕಣ್ಣೆದುರಿಗೆ ಇದ್ದರೆ ಅದೇ ದಾರಿ ತೋರಿಸುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಹೀಗೆ ಮಾಡಬಾರದು.

ಕೈಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯಿಂದ ಅಳೆಯುವ ವಿದ್ಯೆಯನ್ನೂ ಮಗಳೇ ಕಲಿಸಿದಳು. ಅಳೆದಾಗ ಬಯಲಾದ ಒಂದು ಗುಟ್ಟನ್ನು ಇಲ್ಲಿಯ ಬಾಲಮಿತ್ರರಿಗೆ ಹೇಳುತ್ತೇವೆ. ನಿಮ್ಮಲ್ಲಿ ಯಾರೇ ಮುಖ ಬರೆದರೂ ಕಣ್ಣುಗಳನ್ನು ಮೇಲೆ, ಹಣೆಯ ಹತ್ತಿರ ಬರೆಯುತ್ತೀರಿ. ಮನೆಗೆ ಹೋಗಿ ಅಜ್ಜನ ತಲೆ ಅಳೆದು ನೋಡಿ. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣು ಸರಿಯಾಗಿ ಅರ್ಧದಲ್ಲಿ ಇರುತ್ತದೆ. ಕಣ್ಣು, ಮೂಗು, ಬಾಯಿಗಳೇ ಮನುಷ್ಯನೆಂದು ನಾವು ತಿಳಿದಿರುವುದರಿಂದ ಮೇಲಿನ ಅರ್ಧವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾವು ಅವ್ವನಿಗೆ ಮೊದಲ ರಾತ್ರಿ ಬರೆದ ಮುಖಕ್ಕೆ ತಲೆಯೇ ಇರಲಿಲ್ಲ.

ಪರ್‌ಸ್ಪೆಕ್ಟಿವ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ತುರ್ಭೆ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಕೋಪರ್‌ಖೈರಣೆಯ ಕಡೆಗೆ ಹಳಿಗಳನ್ನು ನೋಡಿದವರಿಗೆ ಅದು ತಾನಾಗಿಯೇ ತಿಳಿಯುತ್ತದೆ. ಹತ್ತಬೇಕಾದ ಗಾಡಿ ತಪ್ಪುತ್ತದೆ, ಅಷ್ಟೆ. ಚಳಿಗಾಲದಲ್ಲಿ ಠಾಣೆಯ ಖಾಡಿಗೆ ಬರುವ ಫ್ಲೆಮಿಂಗೋ ಹಕ್ಕಿಗಳನ್ನೂ ಬರೆಯಲು ಹೋದೆವು. ಗುಲಾಬಿ ಬಣ್ಣ ಮುಗಿಯಿತು, ಹಕ್ಕಿ ಬರಲಿಲ್ಲ.

ಬಣ್ಣಕ್ಕೆ ಬಂದದ್ದು ನಾಲ್ಕನೆಯ ವರ್ಷ. ಜಲವರ್ಣ ಅವಸರದವರದಲ್ಲ. ಅದರಲ್ಲಿ ಬಿಳಿ ಎಂದರೆ ಕಾಗದವೇ. ಬಿಡಬೇಕಾದಲ್ಲಿ ಬಿಡದಿದ್ದರೆ ಆಮೇಲೆ ಯಾವ ದೇವರೂ ತಂದುಕೊಡಲಾರ. ತಿಳಿಯಿಂದ ಗಾಢಕ್ಕೆ ಹೋಗಬೇಕು, ಒಂದು ಪದರ ಒಣಗುವವರೆಗೆ ಕೈಕಟ್ಟಿ ಕೂಡಬೇಕು. ನಾವು ಕೂಡುತ್ತಿರಲಿಲ್ಲ, ಆದ್ದರಿಂದ ಒಂದು ವರ್ಷ ನಮ್ಮ ಚಿತ್ರಗಳೆಲ್ಲವೂ ಮಳೆಗಾಲದ ತುರ್ಭೆ ನಾಕಾದ ಬಣ್ಣದಲ್ಲಿಯೇ ಇದ್ದವು. ಅದಕ್ಕೆ ಮನೆಯಾಕೆ ಉಪಾಯ ಹೇಳಿದಳು. "ಸಾರಿಗೆ ಎಲ್ಲಾ ಮಸಾಲಿ ಒಮ್ಮೆಲೆ ಹಾಕ್ತಾರೇನು?" ಎಂದಳು. ಎರಡೇ ಬಣ್ಣ ಬೆರೆಸಬೇಕು, ಮೂರನೆಯದನ್ನು ಮುಟ್ಟಬಾರದೆಂದು ಅಂದಿನಿಂದ ನಿಯಮವಾಯಿತು.

ನಮ್ಮ ಬಣ್ಣದ ಪೆಟ್ಟಿಗೆಯಲ್ಲಿ ಮೈಬಣ್ಣವೆಂದು ಬರೆದ ಒಂದು ಕೊಳವೆ ಇದ್ದಿತು. ಒತ್ತಿ ನೋಡಿದರೆ ತಿಳಿಗುಲಾಬಿ. ನಮ್ಮ ಬಳಗದಲ್ಲಿ, ಬೇಡ, ಈ ಸಭಾಗೃಹದಲ್ಲಿ ಆ ಬಣ್ಣದ ಮೈ ಒಂದೂ ಇಲ್ಲ. ಅವ್ವ ಕರಿಯಳು, ಗಣಿಯ ಬಿಸಿಲಿನಲ್ಲಿ ಇನ್ನೂ ಕರಿದಾದವಳು. ಅದಕ್ಕೆ ಕಪ್ಪು ಬೆರೆಸಿದರೆ ಬೂದಿ ಬಳಿದ ಹಾಗೆ ಸತ್ತ ಬಣ್ಣ ಬರುತ್ತದೆ. ಬಹಳ ದಿನದ ಮೇಲೆ ಸಿಕ್ಕಿದ್ದು: ಬರ್ನ್ಟ್ ಸಿಯೆನ್ನಾ ಎಂಬ ಸುಟ್ಟ ಮಣ್ಣಿನ ಬಣ್ಣ, ಅದರೊಳಗೆ ಅಲ್ಟ್ರಾಮರೀನ್ ನೀಲಿ. ಕೆಂಪು ಹೆಚ್ಚಾದರೆ ಬಿಸಿಲಿನ ಕಡೆ, ನೀಲಿ ಹೆಚ್ಚಾದರೆ ನೆರಳಿನ ಕಡೆ. ಕರಿಯ ಮೈಯಲ್ಲಿ ಬೆಳಕು ಬಿದ್ದ ಜಾಗ ಆಕಾಶದ ಹಾಗೆ ನೀಲಿಯಾಗಿ ಹೊಳೆಯುತ್ತದೆಂಬುದನ್ನು ನಾವು ಪೇಟೆಯ ಹಮಾಲರ ಬೆನ್ನು ನೋಡಿ ಕಲಿತೆವು.

ಇಷ್ಟು ಹೊತ್ತು ಉಳ್ಳಾಗಡ್ಡಿಯ ಪುರಾಣವಾಯಿತು. ಈಗ ನಮ್ಮವರೇ ಆದ ಇಬ್ಬರು ದೊಡ್ಡವರ ಮಾತು. ಇವರನ್ನು ನೆನೆಯದೆ ಮುಂಬಯಿಯಲ್ಲಿ ಕನ್ನಡಿಗನು ಕುಂಚ ಹಿಡಿಯಬಾರದು.

ನಮ್ಮ ಗುಡಿಸಲಿನ ತಗಡಿನ ಗೋಡೆಯಲ್ಲಿ ಒಂದು ಹಳೆಯ ದೇವರ ಕ್ಯಾಲೆಂಡರು ಇದ್ದಿತು. ವರ್ಷ ಕಳೆದು ತಾರೀಖಿನ ಹಾಳೆಗಳು ಹೋಗಿದ್ದರೂ ಅವ್ವ ಚಿತ್ರವನ್ನು ತೆಗೆದಿರಲಿಲ್ಲ. ದಿನವೂ ಅದಕ್ಕೊಂದು ಊದುಬತ್ತಿ. ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಎಸ್. ಎಂ. ಪಂಡಿತ್ ಎಂದಿತ್ತು. ಅದು ಅಚ್ಚುಕೂಟದ ಹೆಸರೆಂದೇ ನಾವು ತಿಳಿದಿದ್ದೆವು. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು: ಅವರು ನಮ್ಮ ಕಲಬುರಗಿಯವರು, 1916ರಲ್ಲಿ ಹುಟ್ಟಿದವರು. ಮುಂಬಯಿಗೆ ಬಂದು ಕಲಿತು, ಸಿನಿಮಾದ ಭಿತ್ತಿಪತ್ರ ಬರೆದು, 'ಫಿಲ್ಮ್‌ಇಂಡಿಯಾ' ಪತ್ರಿಕೆಗೆ ಮುಖಪುಟ ಬರೆದು, ಕ್ಯಾಲೆಂಡರುಗಳ ಮೂಲಕ ರಾಮಾಯಣ-ಮಹಾಭಾರತಗಳನ್ನು ಗುಡಿಸಲಿನಿಂದ ಬಂಗಲೆಯವರೆಗೆ ಒಯ್ದವರು. ಕೊನೆಗಾಲಕ್ಕೆ ಕಲಬುರಗಿಗೇ ಮರಳಿ 1993ರಲ್ಲಿ ತೀರಿಕೊಂಡರು. ಅವರ ಹೆಸರಿನ ರಂಗಮಂದಿರ ಆ ಊರಿನಲ್ಲಿ ಇದೆ. ಕ್ಯಾಲೆಂಡರು ಬರೆದವರೆಂದು ಮೂಗು ಮುರಿಯುವ ಜನ ಇದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಯಾವ ಗ್ಯಾಲರಿಯೂ ಮೆಟ್ಟಿಲು ಹತ್ತಗೊಡದ ನಮ್ಮ ಅವ್ವನ ಮನೆಗೆ ನಡೆದು ಬಂದ ಚಿತ್ರಕಾರ ಅವರೊಬ್ಬರೇ.

ಇನ್ನೊಬ್ಬರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನನ. ಇವರೂ ಹೊಟ್ಟೆಯ ಪಾಡಿನೊಡನೆ ಕಲೆಯನ್ನು ಕಟ್ಟಿಕೊಂಡು ಮುಂಬಯಿಗೆ ಬಂದವರು. ಇಲ್ಲಿ ಒಂದು ಸ್ವಾರಸ್ಯವಿದೆ. ಬಡಗಣ ಕಲಬುರಗಿಯ ಪಂಡಿತರೂ ಪಡುಗಡಲಿನ ಹೆಬ್ಬಾರರೂ ಮುಂಬಯಿಯಲ್ಲಿ ಕಲಿತ ಶಾಲೆಗಳಲ್ಲಿ ಒಂದು ಒಂದೇ: ಜಿ. ಎಸ್. ದಂಡಾವತಿಮಠ ಎಂಬವರು ನಡೆಸುತ್ತಿದ್ದ ನೂತನ ಕಲಾಮಂದಿರ. ದಂಡಾವತಿಮಠರು ಯಾವ ಕಡೆಯವರೆಂಬುದನ್ನು ಅವರ ಅಡ್ಡಹೆಸರೇ ಹೇಳುತ್ತದೆ; ನಾವು ಬೇರೆ ಹೇಳಬೇಕಾಗಿಲ್ಲ. ಕರ್ನಾಟಕ ಇನ್ನೂ ಒಂದಾಗದಿದ್ದ ಆ ಕಾಲದಲ್ಲಿ, ನಿಜಾಮನ ಸೀಮೆಯವರೂ ಮದ್ರಾಸು ಸೀಮೆಯವರೂ ಮುಂಬಯಿಯ ಒಂದು ಕೋಣೆಯಲ್ಲಿ ಒಬ್ಬ ಗುರುವಿನ ಕೈಕೆಳಗೆ ಕಲಿತರು. 1956ರ ನವೆಂಬರ್ 1ಕ್ಕಿಂತ ಇಪ್ಪತ್ತು ವರ್ಷದಷ್ಟು ಮೊದಲೇ ನಡೆದ ಈ ಏಕೀಕರಣಕ್ಕೆ ಯಾರೂ ಹಾರ ಹಾಕಲಿಲ್ಲ.

ಹೆಬ್ಬಾರರು ಮುಂದೆ ಸರ್ ಜೆ. ಜೆ. ಕಲಾಶಾಲೆಯಲ್ಲಿ ಓದಿ 1938ರಲ್ಲಿ ಡಿಪ್ಲೊಮಾ ಪಡೆದರು, ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರೂ ಆದರು. ಕಂಡದ್ದನ್ನು ಕಂಡ ಹಾಗೆ ಬರೆಯುವ ಪಾಶ್ಚಾತ್ಯ ಪದ್ಧತಿ ಅವರ ಕೈವಶವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅಷ್ಟರಲ್ಲಿಯೇ ಸುಖವಾಗಿ ಇದ್ದುಬಿಡುತ್ತಿದ್ದರು. ಇವರಿಗೆ ಸಮಾಧಾನವಾಗಲಿಲ್ಲ. ಜೈನರ ಹಳೆಯ ಹಸ್ತಪ್ರತಿಗಳ ಚಿತ್ರ, ರಜಪೂತ ಮತ್ತು ಮೊಗಲರ ಕಿರುಚಿತ್ರ, ಅಮೃತಾ ಶೇರ್‌ಗಿಲ್ ಅವರ ಕೃತಿಗಳು, ಇವುಗಳನ್ನೆಲ್ಲ ಮತ್ತೆ ವಿದ್ಯಾರ್ಥಿಯ ಹಾಗೆ ನೋಡಿದರು. ಕೇರಳವನ್ನು ಸುತ್ತಿದರು. 1949ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯಾಂ ಎಂಬ ಶಾಲೆಯಲ್ಲಿ ಹುಡುಗರ ಜೊತೆ ಕೂತರು. ಇದಕ್ಕಿಂತ ನಮಗೆ ಆಶ್ಚರ್ಯವಾದದ್ದು ಬೇರೊಂದು. ಗೆರೆಗೆ ಲಯ ಬರಬೇಕೆಂದು ಈ ಮಹರಾಯರು ಕಥಕ್ ನೃತ್ಯವನ್ನು ಕ್ರಮವಾಗಿ ಕಲಿತರು! ಮೇಷ್ಟರಾದವರು ಗೆಜ್ಜೆ ಕಟ್ಟಿ ಶಿಷ್ಯರಾಗುವುದೆಂದರೆ ಸಣ್ಣ ಮಾತಲ್ಲ. 1964ರಲ್ಲಿ ಅವರ ರೇಖಾಚಿತ್ರಗಳ ಪುಸ್ತಕ ಬಂದಾಗ ಅದಕ್ಕೆ 'ದಿ ಸಿಂಗಿಂಗ್ ಲೈನ್' ಎಂದು ಹೆಸರಾಯಿತು, ಹಾಡುವ ರೇಖೆ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಮುಂಬಯಿಯಲ್ಲಿಯೇ ಅವರು ನಿಧನರಾದರು.

ಬೆಂಗಳೂರಿಗೆ ಒಂದು ಮದುವೆಗೆ ಹೋದಾಗ ಅಕ್ಷತೆ ಮುಗಿದೊಡನೆ ಊಟ ಬಿಟ್ಟು ಚಿತ್ರಕಲಾ ಪರಿಷತ್ತಿಗೆ ಓಡಿ ಹೆಬ್ಬಾರರ ಚಿತ್ರಗಳನ್ನು ನೋಡಿ ಬಂದೆವು. ಬೀಗರು ಇನ್ನೂ ನಮ್ಮೊಡನೆ ಸರಿಯಾಗಿ ಮಾತನಾಡುವುದಿಲ್ಲ. ಅವರ ಗೆರೆ ಹೇಗಿದೆಯೆಂದು ಮಾತಿನಲ್ಲಿ ಹೇಳುವುದು ಕಷ್ಟ. ಹೆಚ್ಚು ಬರೆದಿರುವುದಿಲ್ಲ. ಕುಣಿಯುವವನ ಇಡೀ ಮೈ ಒಂದೇ ಉಸಿರಿನ ಎರಡು ಮೂರು ಎಳೆತದಲ್ಲಿ ಬಂದಿರುತ್ತದೆ. ಬಿಟ್ಟ ಜಾಗವೂ ಕುಣಿಯುತ್ತಿರುತ್ತದೆ. ನಾವು ಮಾಥಾಡಿಯವರ ಬೆನ್ನಿಗೆ ಐವತ್ತು ಗೆರೆ ಎಳೆದದ್ದು ನೆನಪಾಯಿತು. ಹೊರೆ ಬೆನ್ನಿನ ಮೇಲಿಲ್ಲ, ಹೊತ್ತವನ ಅಂಗಾಲಿನಲ್ಲಿ ಇದೆಯೆಂದು ನಮಗೆ ಅಂದು ತಿಳಿಯಿತು. ಮುಂದಿನ ವಾರ ಪೇಟೆಯಲ್ಲಿ ನಾವು ಬೆನ್ನು ಬಿಟ್ಟು ಪಾದ ಬರೆಯತೊಡಗಿದೆವು.

ಮುಂಬಯಿಯಲ್ಲಿಯೇ ಇರುವ ನಮ್ಮಲ್ಲಿ ಎಷ್ಟು ಜನ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಯ ಒಳಗೆ ಹೋಗಿದ್ದೇವೆ? 1952ರಿಂದ ಅದರ ಬಾಗಿಲು ತೆರೆದಿದೆ, ಟಿಕೀಟು ಇಲ್ಲ. ಟಿಕೀಟು ಇದೆಯೆಂದೂ, ಚಪ್ಪಲಿ ನೋಡಿ ಹೊರಗೆ ಹಾಕುತ್ತಾರೆಂದೂ ತಿಳಿದು ನಾವು ಎರಡು ಸಲ ಬಾಗಿಲವರೆಗೆ ಹೋಗಿ ಎದುರಿಗೆ ಚಹಾ ಕುಡಿದು ಮರಳಿದ್ದೆವು. ಮೂರನೆಯ ಸಲ ಮಗಳು ಕೈಹಿಡಿದು ಒಳಗೆ ಎಳೆದಳು. ಯಾರೂ ಏನೂ ಅನ್ನಲಿಲ್ಲ. ವಾಶಿಯಲ್ಲಿ ಗಾಡಿ ಬದಲಿಸಿ ಸಿ.ಎಸ್.ಎಂ.ಟಿ.ಗೆ ಹೋಗಿ, ಅಲ್ಲಿಂದ ನಡೆದರೆ ಇಪ್ಪತ್ತು ನಿಮಿಷ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ.

ಅವ್ವನ ಮಾತಿಗೆ ಬರುತ್ತೇವೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಹತ್ತು ವರ್ಷದಲ್ಲಿ ಮೂವತ್ತೊಂದು ಪುಸ್ತಕ ತುಂಬಿದವು. ಅವ್ವನ ಕೈ ಬಂದಿತು. ಟ್ಯೂಬಿನ ಉಂಗುರ ತೊಟ್ಟ ಬೆರಳು, ಸುತ್ತಿಗೆಯ ಹಿಡಿ, ಚಿಂದಿ ಸುತ್ತಿದ ಬಳೆ ಎಲ್ಲ ಸರಿಯಾಗಿಯೇ ಬಂದವು. ಕುಳಿತ ಭಂಗಿ ಬಂದಿತು. ಬೆನ್ನು ಕಂಡರೆ ಸಾಕು, ಗಣಿಯ ಹಳಬರು ಹೆಸರು ಹೇಳುತ್ತಿದ್ದರು. ಮುಖ ಮಾತ್ರ ಬರಲಿಲ್ಲ. ಯಾರ ಮುಖವನ್ನಾದರೂ ಎದುರಿಗೆ ಕೂಡಿಸಿ ಬರೆಯುವಷ್ಟು ಕೈ ಪಳಗಿತ್ತು. ಎದುರಿಗೆ ಕೂಡಬೇಕಾದವಳೇ ಇರಲಿಲ್ಲ.

2019ರಲ್ಲಿ ಜಾತ್ರೆಗೆಂದು ಊರಿಗೆ ಹೋದಾಗ ಚಿಕ್ಕವ್ವನನ್ನು, ಅಂದರೆ ಅವ್ವನ ತಂಗಿಯನ್ನು, ಕಟ್ಟೆಯ ಮೇಲೆ ಕೂಡಿಸಿ ಬರೆದೆವು. ಅವಳೂ ಗಣಿಯಲ್ಲಿ ಆರು ವರ್ಷ ದುಡಿದು ಊರಿಗೆ ಮರಳಿದವಳು. ಅರ್ಧ ಬರೆಯುವಷ್ಟರಲ್ಲಿ ದವಡೆಯ ಮೂಳೆಯಲ್ಲಿ ನಮಗೆ ಅವ್ವ ಕಂಡಳು. ಕೈ ನಡುಗಿತು. ಹೊಸ ಹಾಳೆ ತೆಗೆದು, ಚಿಕ್ಕವ್ವನನ್ನು ನೋಡುತ್ತ ಅವ್ವನನ್ನು ಬರೆಯಲು ತೊಡಗಿದೆವು. ಚಿಕ್ಕವ್ವ ಎದ್ದು ಬಂದು ಪಕ್ಕದಲ್ಲಿ ಕೂತಳು. ಬರೆಹ ಬಾರದ ಅವಳು ಮೂರು ದಿನ ನಮಗೆ ಗುರುವಾದಳು.

"ಅಕ್ಕನ ಮೂಗ ಹಿಂಗ ನೆಟ್ಟಗಿರಲಿಲ್ಲ ತಮ್ಮಾ, ನಡುವ ಚೂರು ಉಬ್ಬಿತ್ತು." ತಿದ್ದಿದೆವು. "ತುಟಿ ಇಷ್ಟು ಬಿಗಿ ಹಿಡೀತಿರಲಿಲ್ಲ ಆಕಿ. ಕಲ್ಲ ಒಡಿಯುವಾಗ ಬಾಯಿ ತುಸು ತೆರೀತಿದ್ಲು." ತಿದ್ದಿದೆವು. ಹುಬ್ಬಿನ ಹತ್ತಿರ ಚಕ್ಕೆ ಸಿಡಿದು ಆದ ಕಲೆ ನಮಗೆ ನೆನಪಿತ್ತು, ಅವಳಿಗೆ ಇರಲಿಲ್ಲ. ಅವಳು ಹೋದಮೇಲೆ ಆದದ್ದಿರಬೇಕು. ಮೂರನೆಯ ದಿನ ಸಂಜೆ ಚಿಕ್ಕವ್ವ ಹಾಳೆಯನ್ನು ದೂರ ಹಿಡಿದು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ, ಬಂದ್ಲು ನೋಡ" ಎಂದಳು. ಒಡನೆಯೇ, "ಮೂಗಬಟ್ಟ ಎಲ್ಲೈತೋ?" ಎಂದಳು.

ಮೂಗುತಿ! ಅವ್ವನಿಗೆ ಒಂದು ಕೆಂಪು ಹರಳಿನ ಮೂಗುತಿ ಇದ್ದಿತು. 1980ರ ಮಳೆಗಾಲದಲ್ಲಿ ಗಣಿ ನಿಂತು ಮನೆಯಲ್ಲಿ ಕಾಳಿಲ್ಲವಾದಾಗ ಅದನ್ನು ಮಾರಿದಳು. ಮತ್ತೆ ಏನನ್ನೂ ತೊಡಲಿಲ್ಲ. ನಮಗಾಗ ಹನ್ನೆರಡು ವರ್ಷ. ಹನ್ನೆರಡು ವರ್ಷ ಎದುರಿಗೇ ಹೊಳೆದ ಹರಳು. ಎಡಕ್ಕೋ ಬಲಕ್ಕೋ ನಮಗೆ ತಿಳಿಯದು. "ಎಡಕ" ಎಂದಳು ಚಿಕ್ಕವ್ವ. ನಾವು ಬರೆದು ತೋರಿಸಿದರೆ, "ಅಲ್ಲಲ್ಲ, ಈ ಕಡಿ" ಎಂದಳು. ಎದುರು ಕೂತವರ ಎಡ ನೋಡುವವರಿಗೆ ಬಲವಾಗುತ್ತದಲ್ಲ. ಅಕ್ಕನ ಎಡವೋ, ನಿನ್ನ ಎಡವೋ ಎಂದು ಕೇಳಿದರೆ ಅವಳಿಗೂ ಗೊಂದಲವಾಯಿತು. ತನ್ನ ಮೂಗು ಮುಟ್ಟಿ ನೋಡಿಕೊಂಡಳು. ಅಕ್ಕನ ಎದುರು ನಿಂತ ಹಾಗೆ ಕೈ ಚಾಚಿ ಗಾಳಿಯಲ್ಲಿ ಮುಟ್ಟಿದಳು. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. "ನಾಳೆ ನೆನಪ ಮಾಡಿ ಹೇಳ್ತೀನಿ" ಎಂದಳು. ನಾವು ಮರುದಿನದ ಬಸ್ಸಿಗೆ ಮರಳಬೇಕಾಗಿತ್ತು. ಆಮೇಲೆ ಫೋನಿನಲ್ಲಿ ಕೇಳಿದಾಗಲೆಲ್ಲ ಬೇರೆ ಬೇರೆ ಹೇಳಿದಳು. 2021ರಲ್ಲಿ ಅವಳೂ ಹೋದಳು.

ಆ ಚಿತ್ರವನ್ನು ಬಣ್ಣದಲ್ಲಿ ಮಾಡಿದ್ದೇವೆ. ಮೂಗುತಿಯ ಜಾಗ ಹಾಗೆಯೇ ಬಿಟ್ಟಿದ್ದೇವೆ. ಈ ಹೊತ್ತು ಅದನ್ನು ತಂದು ಬಾಗಿಲ ಬಳಿ, ಸಂಘದ ಪುಸ್ತಕಗಳ ಮೇಜಿನ ಮೇಲೆ ಇಟ್ಟಿದೆ. ತುರ್ಭೆಯ ಗಣಿಯಲ್ಲಿ 1973ರಿಂದ 1980ರವರೆಗೆ ದುಡಿದ ತಾಯಂದಿರು ಇಲ್ಲಿ ಇಬ್ಬರು ಮೂವರು ಕಾಣುತ್ತಿದ್ದಾರೆ. ಫಳಾರಕ್ಕೆ ಹೋಗುವ ಮೊದಲು ತಾವು ದಯವಿಟ್ಟು ಮೇಜಿನ ಹತ್ತಿರ ಬರಬೇಕು. ಬಾಯಿಂದ ಎಡ-ಬಲ ಹೇಳುವುದು ಬೇಡ. ಬೆರಳಿಟ್ಟು ತೋರಿಸಿದರೆ ಸಾಕು. ಬಣ್ಣ, ಕುಂಚ, ಒಂದು ಬಟ್ಟಲು ನೀರು ತಂದಿದ್ದೇವೆ.